ವಕೀಲರಿಗೆ ವೆಬ್‌ಸೈಟ್, ವಿಡಿಯೊ ಮಾಡಿಕೊಡುವ ಹದಡಿ ರಸ್ತೆಯ ಹುಡುಗರು

ವಕೀಲರು ಜಾಹೀರಾತು ಕೊಡುವ ಹಾಗಿಲ್ಲ. ವಕೀಲರ ವೃತ್ತಿಗೆ ನಿಯಮ ಮಾಡುವ ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಿಯಮ 36 ಅದನ್ನು ನೇರವಾಗಿ ತಡೆಯುತ್ತದೆ. 2008ರ ತಿದ್ದುಪಡಿಯಿಂದ ವೆಬ್‌ಸೈಟ್‌ಗೆ ಅವಕಾಶ ಸಿಕ್ಕಿತು. ಅದರಲ್ಲೂ ಹೆಸರು, ವಿಳಾಸ, ಫೋನು, ಎನ್‌ರೋಲ್‌ಮೆಂಟ್ (ವಕೀಲರಾಗಿ ನೋಂದಣಿ) ವಿವರ, ಓದು, ಯಾವ ಬಗೆಯ ಕೇಸು ನಡೆಸುತ್ತೇವೆ, ಇಂಥವನ್ನಷ್ಟೇ ಹಾಕಬಹುದು.

ನಾನೂ ದಾವಣಗೆರೆಯಲ್ಲಿ ವಕೀಲೆ, ವೆಬ್‌ಸೈಟ್ ಮಾಡಿಸಬೇಕಿತ್ತು. ಈ ನಿಯಮ ಗೊತ್ತಿರುವ ಡಿಸೈನರ್ ಸಿಗೋದು ಕಷ್ಟ. ಮೊದಲು ಮಾತಾಡಿದ ಒಂದು ಏಜೆನ್ಸಿಯವರು ‘ದಾವಣಗೆರೆಯ ನಂಬರ್ ಒನ್ ವಕೀಲರು’ ಅಂತ ಬ್ಯಾನರ್ ಮಾಡಿ ತೋರಿಸಿದರು. ದುಡ್ಡು ಕೊಟ್ಟರೆ ಒಳ್ಳೆ ರಿವ್ಯೂಗಳನ್ನೂ ಹಾಕಿಸ್ತೀವಿ ಅಂದರು. ಅಲ್ಲಿಗೇ ಬಿಟ್ಟೆ. ನನ್ನ ಮುಖ ನೋಡದವರಿಂದ ಹೊಗಳಿಕೆ ಬರೆಸಿಕೊಂಡು, ನಾಳೆ ಕಟಕಟೆಯಲ್ಲಿ ನಿಂತ ಸಾಕ್ಷಿಗೆ ನಿಜ ಹೇಳಿ ಅಂತ ಯಾವ ಬಾಯಲ್ಲಿ ಕೇಳಲಿ?

ಹದಡಿ ರಸ್ತೆಯ ಈ ಇಬ್ಬರು ಹುಡುಗರು ಬೇರೆ ಥರ. ಮೊದಲ ದಿನ ಕ್ಯಾಮೆರಾನೇ ತರಲಿಲ್ಲ. “ಕಕ್ಷಿದಾರರು ಜಾಸ್ತಿ ಏನು ಕೇಳ್ತಾರೆ ಮೇಡಂ?” ಅಂತ ಕೇಳಿ ಬರೆದುಕೊಂಡು ಹೋದರು. ಪಾಲು ವಿಭಾಗ, ಖಾತೆ ಬದಲಾವಣೆ, ಚೆಕ್ ಬೌನ್ಸ್. ಮೆಕ್ಕೆಜೋಳದ ವ್ಯಾಪಾರ ಇರುವ ಊರಲ್ಲಿ ಚೆಕ್ಕಿನ ತಕರಾರು ಇದ್ದೇ ಇರುತ್ತೆ ಅಲ್ವಾ?

ವಿಡಿಯೊ ತೆಗೆಯುವಾಗ ಒಬ್ಬ ನನ್ನ ಮೇಜಿನ ಎದುರು ಕುಳಿತು, “ಚೆಕ್ ವಾಪಸ್ ಬಂದೈತ್ರಿ ಮೇಡಂ, ಈಗೇನ್ ಮಾಡ್ಲಿ?” ಅಂದ. ಚೇಂಬರಿನಲ್ಲಿ ಹೇಳುವ ಹಾಗೇ ಹೇಳಿದೆ. ಚೆಕ್ ವಾಪಸಾಗಿದೆ ಅಂತ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ಚೆಕ್ ಕೊಟ್ಟವರಿಗೆ ನೋಟಿಸ್ ಕೊಡಬೇಕು. ನೋಟಿಸ್ ಕೈಸೇರಿದ ಮೇಲೆ ದುಡ್ಡು ಕಟ್ಟಲು ಅವರಿಗೆ 15 ದಿನ. ಕಟ್ಟಲಿಲ್ಲ ಅಂದರೆ ಅಲ್ಲಿಂದ ಒಂದು ತಿಂಗಳೊಳಗೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಸೆಕ್ಷನ್ 138ರ ಪ್ರಕಾರ ಕೋರ್ಟಿಗೆ ದೂರು. ಗಡುವು ದಾಟಿದ ಮೇಲೆ ಫೈಲು ಹಿಡಿದು ಬರುವವರನ್ನು ನೋಡಿದರೆ ನನಗೆ ಸಂಕಟವಾಗುತ್ತೆ. ಈ ವಿಡಿಯೊ ಬೇಕು ಅಂತ ಹಠ ಹಿಡಿದದ್ದೇ ಅದಕ್ಕೆ. ಅದರಲ್ಲಿ ನನ್ನ ಫೋನ್ ನಂಬರ್ ಇಲ್ಲ, ‘ಇಂದೇ ಕರೆ ಮಾಡಿ’ ಇಲ್ಲ. ಹುಡುಗರು ಒಂದೇ ಮಾತಿಗೆ ಒಪ್ಪಿದರು.

ಫೋಟೊ ಚೆನ್ನಾಗಿದೆ. ನನ್ನದೇ ಮೇಜು, ನನ್ನದೇ ಫೈಲುಗಳು.

ಕೊರತೆಯೂ ಇದೆ. ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದ ನನ್ನ ಬರಹವನ್ನು ವೆಬ್‌ಸೈಟ್‌ಗೆ ಬೇಕಾದ ಯೂನಿಕೋಡ್ ಅಕ್ಷರಕ್ಕೆ ಬದಲಿಸುವಾಗ ಒತ್ತಕ್ಷರಗಳು ಕೆಟ್ಟವು. ಅವರು ತಿದ್ದಿ ಕೊಟ್ಟ ಮೇಲೂ ನಾನೇ ಕೂತು ಸಾಲು ಸಾಲು ಓದಬೇಕಾಯಿತು. ಹೇಳಿದ ದಿನಕ್ಕೆ ಕೆಲಸ ಮುಗಿಯಲೂ ಇಲ್ಲ. ಕನ್ನಡದಲ್ಲೇ ವೃತ್ತಿ ಮಾಡುವವರಿಗೆ ಅಕ್ಷರ ಕೆಡುವುದು ಸಣ್ಣ ವಿಷಯ ಅಲ್ಲ.

ಎಲ್ಲಾ ಸೇರಿ 14,000 ರೂಪಾಯಿ ಆಯಿತು. ಡೊಮೇನ್ (ವೆಬ್‌ಸೈಟಿನ ವಿಳಾಸ) ನನ್ನ ಹೆಸರಲ್ಲೇ ತೆಗೆದು, ಪಾಸ್‌ವರ್ಡ್ ಕೈಗೆ ಕೊಟ್ಟರು. ಯಾರ ಹತ್ತಿರ ಮಾಡಿಸಿದರೂ ಮುಂಗಡ ಕೊಡುವ ಮೊದಲು ಇದೊಂದನ್ನು ಬರೆಸಿಕೊಳ್ಳಿ.