ಇಬ್ಬನಿಯ ಹನಿಗೆ ರೇನಾಕ್ಸ್ ಡಿಸಿಆರ್-250: ಕೈತೋಟದ ಛಾಯಾಗ್ರಹಣಕ್ಕೆ ಒಂದು ಕ್ಲೋಸ್-ಅಪ್ ಲೆನ್ಸ್

ಮನೆಯ ಕೈತೋಟದಲ್ಲಿ ಇಬ್ಬನಿಯನ್ನೂ ಹೂಗಳನ್ನೂ ಹತ್ತಿರದಿಂದ ಚಿತ್ರಿಸಬೇಕೆಂದು ಹೊರಟವರು ಮೊದಲು ವಿಚಾರಿಸುವುದು ನೂರು ಎಂ.ಎಂ. ಮ್ಯಾಕ್ರೊ ಲೆನ್ಸಿನ ಬೆಲೆಯನ್ನು. ಅದನ್ನು ಕೇಳಿದ ಮೇಲೆ ಬಹಳಷ್ಟು ಮಂದಿ ಆ ಆಸೆಯನ್ನೇ ಮುಂದೂಡುತ್ತಾರೆ. ಅಂಥವರಿಗೆ ನಾನು ಧೈರ್ಯವಾಗಿ ಹೇಳಬಹುದಾದ ಉಪಕರಣವೆಂದರೆ ಜಪಾನಿನ ಯೋಶಿದಾ ಇಂಡಸ್ಟ್ರಿ ಸಂಸ್ಥೆಯು ರೇನಾಕ್ಸ್ ಹೆಸರಿನಲ್ಲಿ ತಯಾರಿಸುವ ಡಿಸಿಆರ್-250 ಎಂಬ ಕ್ಲೋಸ್-ಅಪ್ ಲೆನ್ಸ್. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ ಈ ಗಾಜು ತಾನಾಗಿ ಯಾವ ಚಿತ್ರವನ್ನೂ ತೆಗೆಯಲಾರದು. ಈಗಾಗಲೇ ನಮ್ಮಲ್ಲಿರುವ ಜೂಮ್ ಲೆನ್ಸಿನ ಮುಂದೆ ಕೂತು ಅದನ್ನು ಮ್ಯಾಕ್ರೊ ಲೆನ್ಸಾಗಿ ಮಾರ್ಪಡಿಸುತ್ತದೆ. ಹಾಸನದಲ್ಲಿರುವ ನಮ್ಮ ಮನೆಯ ಹಿತ್ತಲಿನಲ್ಲಿ ದೀಪಾವಳಿ ಕಳೆದ ಮೇಲಿಂದ ಸಂಕ್ರಾಂತಿಯವರೆಗಿನ ಚಳಿಗಾಲದಲ್ಲಿ ಇದನ್ನು ಬಳಸುತ್ತ ಬಂದಿರುವ ಅನುಭವದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಡಿಸಿಆರ್-250ರ ಶಕ್ತಿ 8 ಡಯಾಪ್ಟರ್, ಅಂದರೆ ಅದರ ನಾಭಿದೂರ 125 ಎಂ.ಎಂ. ಇದೊಂದು ಸಂಖ್ಯೆಯನ್ನು ನೆನಪಿಟ್ಟುಕೊಂಡರೆ ಉಳಿದ ಲೆಕ್ಕವೆಲ್ಲ ಸುಲಭವಾಗುತ್ತದೆ. ಮುಖ್ಯ ಲೆನ್ಸನ್ನು ಅನಂತ ದೂರಕ್ಕೆ ಫೋಕಸ್ ಮಾಡಿಟ್ಟಾಗ, ಅದರ ನಾಭಿದೂರವನ್ನು 125ರಿಂದ ಭಾಗಿಸಿದರೆ ಬರುವುದೇ ಚಿತ್ರದ ವರ್ಧನೆ, ಅಂದರೆ ಕ್ಯಾಮೆರಾದೊಳಗೆ ಚಿತ್ರ ಗ್ರಹಿಸುವ ಸೆನ್ಸರ್ ಮೇಲೆ ಬೀಳುವ ಬಿಂಬ ನಿಜವಾದ ವಸ್ತುವಿನ ಎಷ್ಟು ಪಟ್ಟು ಎಂಬುದು. ನಾನು ಬಳಸುವುದು ಕ್ಯಾನನ್ ಕಂಪನಿಯ 55-250 ಎಂ.ಎಂ. ಎಸ್‌ಟಿಎಂ ಜೂಮ್. ಈ ಜೂಮ್ ಒಂದೇ ಇದ್ದಾಗ 85 ಸೆಂ.ಮೀ.ಗಿಂತ ಹತ್ತಿರಕ್ಕೆ ಫೋಕಸ್ ಆಗುವುದಿಲ್ಲ, ವರ್ಧನೆಯೂ 0.29 ಪಟ್ಟನ್ನು ಮೀರುವುದಿಲ್ಲ. ಕ್ಯಾನನ್ ಕಂಪನಿಯ ಎಪಿಎಸ್-ಸಿ ಸೆನ್ಸರ್‌ನ ಅಗಲ 22.3 ಮಿ.ಮೀ. ಆಗಿರುವುದರಿಂದ ಚೌಕಟ್ಟಿನೊಳಗೆ ಸುಮಾರು 77 ಮಿ.ಮೀ. ಅಗಲದ ದೃಶ್ಯ ಬರುತ್ತದೆ. ಒಂದು ಇಡೀ ಚೆಂಡು ಹೂವಿಗೆ ಅಷ್ಟು ಸಾಕು, ಅದರ ಎಸಳಿನ ಮೇಲೆ ಕೂತ ಹನಿಗೆ ಸಾಲದು. ಮುಂದೆ ರೇನಾಕ್ಸ್ ಕೂರಿಸಿ ಜೂಮನ್ನು 125ರ ಆಸುಪಾಸಿಗೆ ತಂದರೆ ವರ್ಧನೆ ಒಂದು ಪಟ್ಟು, ಅಂದರೆ ಚೌಕಟ್ಟಿನಲ್ಲಿ 22 ಮಿ.ಮೀ.; 250ಕ್ಕೆ ಒಯ್ದರೆ ಎರಡು ಪಟ್ಟು, ಅಂದರೆ ಕೇವಲ 11 ಮಿ.ಮೀ. ಅಷ್ಟು ಬೆಲೆ ಕೊಟ್ಟು ಕೊಳ್ಳುವ ಮ್ಯಾಕ್ರೊ ಲೆನ್ಸುಗಳಲ್ಲಿ ಹೆಚ್ಚಿನವು ಒಂದು ಪಟ್ಟಿಗೇ ನಿಲ್ಲುತ್ತವೆ ಎಂಬುದನ್ನು ಇಲ್ಲಿ ಗಮನಿಸಬೇಕು.

ಆದರೆ ಈ ಎರಡು ಪಟ್ಟಿನ ಆಕರ್ಷಣೆಗಾಗಿ ಇದನ್ನು ಕೊಳ್ಳಿರೆಂದು ನಾನು ಹೇಳುವುದಿಲ್ಲ. ಇಬ್ಬನಿಯ ಮಟ್ಟಿಗೆ ಈ ಲೆನ್ಸಿನ ನಿಜವಾದ ಬಲವಿರುವುದು ಒಂದು ಪಟ್ಟಿನ ಆಸುಪಾಸಿನಲ್ಲಿ, ಜೂಮ್ 100ರಿಂದ 150ರ ನಡುವೆ ಇದ್ದಾಗ. ಇದಕ್ಕೆ ಕಾರಣ ಹನಿಯ ಸ್ವಭಾವದಲ್ಲಿಯೇ ಇದೆ.

ಮೋಡವಿಲ್ಲದ, ಗಾಳಿಯಾಡದ ರಾತ್ರಿಯಲ್ಲಿ ಎಲೆ ಮತ್ತು ಎಸಳುಗಳು ತಮ್ಮ ಶಾಖವನ್ನು ಬಯಲಾದ ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತವೆ. ಅವುಗಳ ಮೇಲ್ಮೈಯ ಉಷ್ಣತೆ ಇಬ್ಬನಿ ಬಿಂದುವಿಗಿಂತ ಕೆಳಗಿಳಿದಾಗ ಗಾಳಿಯಲ್ಲಿರುವ ಆವಿ ಅಲ್ಲಿ ನೀರಾಗಿ ಕೂಡುತ್ತದೆ. ಆದ್ದರಿಂದಲೇ ಮರದ ಕೆಳಗಿನ ಗಿಡಗಳಿಗಿಂತ ಬಯಲಿನಲ್ಲಿರುವ ಗಿಡಗಳ ಮೇಲೆ ಇಬ್ಬನಿ ದಟ್ಟವಾಗಿರುತ್ತದೆ, ಮೋಡ ಕವಿದ ರಾತ್ರಿಯ ಮರುದಿನ ಬರಿಗೈಯಲ್ಲಿ ಮರಳಬೇಕಾಗುತ್ತದೆ. ಹೀಗೆ ಕೂಡಿದ ಹನಿಗಳು ಬಹಳ ಚಿಕ್ಕವು. ಚೆಂಡು ಹೂವಿನ ಎಸಳಿನ ಮೇಲೆ ಹಿಟ್ಟು ಚೆಲ್ಲಿದಂತೆ ಹರಡಿರುತ್ತವೆ. ಗರಿಕೆಯ ತುದಿಯಲ್ಲಿ, ಟೊಮೆಟೊ ಎಲೆಯ ಅಂಚಿನ ಹಲ್ಲುಗಳಲ್ಲಿ, ಕೆಸುವಿನ ಎಲೆಯ ಕೊನೆಯಲ್ಲಿ ತೂಗುವ ದುಂಡನೆಯ ದೊಡ್ಡ ಹನಿಗಳಾದರೋ ಬಹುಪಾಲು ಗಾಳಿಯಿಂದ ಬಂದವಲ್ಲ. ಅವು ಬೇರಿನ ಒತ್ತಡದಿಂದ ಗಿಡವೇ ಹೊರದೂಡಿದ ನೀರು. ಹಿಂದಿನ ದಿನ ಸಂಜೆ ಬುಡಕ್ಕೆ ಚೆನ್ನಾಗಿ ನೀರು ಹಾಕಿದರೆ ಬೆಳಿಗ್ಗೆ ಇಂಥ ಹನಿಗಳು ಧಾರಾಳವಾಗಿ ಸಿಗುತ್ತವೆ. ಸ್ಪ್ರೇ ಬಾಟಲಿಯಿಂದ ನೀರು ಚಿಮುಕಿಸಿ, ಅಥವಾ ಗ್ಲಿಸರಿನ್ ಬೆರೆಸಿ ಕೃತಕ ಹನಿ ಮಾಡುವವರಿದ್ದಾರೆ. ಸ್ಪ್ರೇಯ ಹನಿಗಳು ಒಂದಕ್ಕೊಂದು ಅಳತೆಗೆ ಕೂಡದೆ, ಹಲವು ಸೇರಿ ಹರಿದು, ಎಸಳನ್ನು ತೋಯಿಸಿಬಿಡುತ್ತವೆ. ರಾತ್ರಿಯ ಇಬ್ಬನಿಗಿರುವ ಸಮತೆ ಅವುಗಳಲ್ಲಿ ಬರುವುದೇ ಇಲ್ಲ. ನಾನು ಅವುಗಳನ್ನು ಚಿತ್ರಿಸುವುದಿಲ್ಲ.

ಗರಿಕೆಯ ತುದಿಯ ಹನಿಯೊಂದರ ಹಿಂದೆ ಐದಾರು ಸೆಂ.ಮೀ. ದೂರದಲ್ಲಿ ಕೆಂಪು ದಾಸವಾಳವೊಂದನ್ನು ನಿಲ್ಲಿಸಿ ನೋಡಿದರೆ, ಇಡೀ ಹೂವು ಆ ಹನಿಯೊಳಗೆ ತಲೆಕೆಳಗಾಗಿ ಕಾಣಿಸುತ್ತದೆ. ಚಿತ್ರದಲ್ಲಿ ಹೂವು ನೆಟ್ಟಗೆ ಕಾಣಬೇಕಾದರೆ ಹೂವನ್ನೇ ತಲೆಕೆಳಗಾಗಿ ಹಿಡಿಸಬೇಕು. ಎರಡು ಮಿ.ಮೀ. ವ್ಯಾಸದ ಹನಿ ಹೆಚ್ಚುಕಡಿಮೆ ಗೋಳವಾಗಿಯೇ ಇರುತ್ತದೆ; ಅದಕ್ಕಿಂತ ದೊಡ್ಡದಾದಂತೆ ತನ್ನ ಭಾರಕ್ಕೆ ತಾನೇ ಜೋತು ಒಳಗಿನ ಬಿಂಬ ಎಳೆದಂತಾಗುತ್ತದೆ. ಒಂದು ಪಟ್ಟು ವರ್ಧನೆಯಲ್ಲಿ, 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ, ಇಂಥ ಹನಿಯ ಅಡ್ಡಗಲಕ್ಕೆ ಸುಮಾರು 540 ಪಿಕ್ಸೆಲ್‌ಗಳು ಸಿಗುತ್ತವೆ. ದಾಸವಾಳದ ಐದು ಎಸಳುಗಳನ್ನೂ ನಡುವಿನ ಕೇಸರದ ಕಂಬವನ್ನೂ ಬೇರೆಬೇರೆಯಾಗಿ ಗುರುತಿಸಲು ಅಷ್ಟು ಧಾರಾಳ.

ಇಲ್ಲೊಂದು ಸೂಕ್ಷ್ಮವಿದೆ. ಹನಿಯೊಳಗೆ ಕಾಣುವ ಹೂವು ನಿಜವಾಗಿ ಹನಿಯ ಒಳಗಿರುವುದಿಲ್ಲ. ನೀರಿನ ವಕ್ರೀಭವನ ಸೂಚ್ಯಂಕ 1.33 ಆಗಿರುವುದರಿಂದ, ಗೋಳಾಕಾರದ ಹನಿಯು ತನ್ನ ಹಿಂದಿನ ವಸ್ತುವಿನ ಬಿಂಬವನ್ನು ತನ್ನ ಕೇಂದ್ರದಿಂದ ಸುಮಾರು ಒಂದು ವ್ಯಾಸದಷ್ಟು ಮುಂದೆ, ಕ್ಯಾಮೆರಾದ ಕಡೆಗೆ ಮೂಡಿಸುತ್ತದೆ. ಎರಡು ಮಿ.ಮೀ. ಹನಿಯಲ್ಲಿ ಅಂಚಿನ ದುಂಡು ಗೆರೆಗೂ ಹೂವಿನ ಬಿಂಬಕ್ಕೂ ಹೀಗೆ ಎರಡು ಮಿ.ಮೀ.ನಷ್ಟು ಅಂತರ ಬೀಳುತ್ತದೆ. ಈ ಲೆನ್ಸಿನೊಂದಿಗೆ ಒಂದು ಪಟ್ಟಿನಲ್ಲಿ ಬೆಳಕಿನ ಕಿಂಡಿಯನ್ನು ಎಫ್/8ಕ್ಕೆ ಇಟ್ಟಾಗ (ಈ ಸಂಖ್ಯೆ ಹೆಚ್ಚಿದಷ್ಟೂ ಕಿಂಡಿ ಕಿರಿದು) ಸ್ಪಷ್ಟವಾಗಿ ಬರುವ ಆಳ ಸುಮಾರು 0.3 ಮಿ.ಮೀ. ಮಾತ್ರ, ಎಫ್/16ರಲ್ಲಿ ಅದರ ಎರಡರಷ್ಟು. ಎರಡು ಪಟ್ಟಿಗೆ ಹೋದರೆ ಎಫ್/8ರಲ್ಲಿ ಅದು 0.1 ಮಿ.ಮೀ.ಗಿಂತಲೂ ಕಡಿಮೆಯಾಗುತ್ತದೆ. ಹೀಗಿರುವಾಗ ಒಂದೇ ಚಿತ್ರದಲ್ಲಿ ಎರಡನ್ನೂ ಹಿಡಿಯುವ ಹಟ ಬಿಟ್ಟು, ಬಿಂಬಕ್ಕೊಂದು ಅಂಚಿಗೊಂದು ಎಂದು ಎರಡು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಜೋಡಿಸುವುದು ಅಥವಾ ಬಿಂಬವನ್ನಷ್ಟೇ ಸ್ಪಷ್ಟವಾಗಿಸಿ ಅಂಚನ್ನು ಮೃದುವಾಗಿ ಬಿಡುವುದು ಲೇಸು. ಎರಡನೆಯ ರೀತಿಯೇ ನನಗೆ ಹೆಚ್ಚು ಇಷ್ಟ.

ಡಿಸಿಆರ್-250ರ ಗಾಜಿನ ಗುಣಮಟ್ಟದ ಪರೀಕ್ಷೆ ನಡೆಯುವುದೂ ಹನಿಯ ಅಂಚಿನಲ್ಲಿಯೇ. ಕ್ಯಾಮೆರಾ ಅಂಗಡಿಗಳಲ್ಲಿ +1, +2, +4, +10 ಎಂದು ಜೊತೆಯಾಗಿ ಮಾರುವ ಅಗ್ಗದ ಕ್ಲೋಸ್-ಅಪ್ ಫಿಲ್ಟರುಗಳಲ್ಲಿ ಒಂದೊಂದೇ ಗಾಜಿರುತ್ತದೆ. ಬೆಳಗಿನ ಬಿಸಿಲು ಮಿನುಗುವ ಹನಿಯ ಸುತ್ತ ಅವು ನೇರಳೆ ಮತ್ತು ಹಸಿರಿನ ಎಳೆ ಬಿಡುತ್ತವೆ, ಚಿತ್ರದ ಮೂಲೆಗಳು ಕಲಸಿದಂತಾಗುತ್ತವೆ. ರೇನಾಕ್ಸ್‌ನಲ್ಲಿ ಎರಡು ಗುಂಪುಗಳಲ್ಲಿ ಮೂರು ಗಾಜುಗಳಿದ್ದು, ಬಣ್ಣಗಳು ಬೇರೆಬೇರೆ ಕಡೆ ಫೋಕಸ್ ಆಗುವ ದೋಷವನ್ನು ಅವು ತಿದ್ದುತ್ತವೆ. ಎಫ್/8ರಿಂದ ಎಫ್/11ರವರೆಗೆ ಹನಿಯೊಳಗಿನ ಬಿಸಿಲಿನ ಚುಕ್ಕಿ ಬೆಳ್ಳಗಾಗಿಯೇ ಬರುತ್ತದೆ. ಶಂಖಪುಷ್ಪದ ನೀಲಿ ಎಸಳಿನ ನವಿರಾದ ನರಗಳು, ಮುಟ್ಟಿದರೆ ಮುನಿಯ ಗುಲಾಬಿ ಕೂದಲುಗಳ ತುದಿಗಂಟಿದ ಕಣಗಳು ಮೂಲೆಯವರೆಗೂ ಹರಿತವಾಗಿ ಮೂಡುತ್ತವೆ. ಈ ವಿಷಯದಲ್ಲಿ ಇದನ್ನು ಫಿಲ್ಟರ್ ಎಂದು ಭಾವಿಸದೆ ಪೂರ್ಣ ಪ್ರಮಾಣದ ಲೆನ್ಸೆಂದೇ ಎಣಿಸಬೇಕು.

ಬೆಳಕಿನ ವಿಚಾರದಲ್ಲಿಯೂ ಅನುಕೂಲವಿದೆ. ಎಕ್ಸ್‌ಟೆನ್ಷನ್ ಟ್ಯೂಬುಗಳನ್ನು (ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಕೂರಿಸುವ ಪೊಳ್ಳು ಕೊಳವೆಗಳನ್ನು) ಹಾಕಿ ಒಂದು ಪಟ್ಟಿಗೆ ತಲುಪಿದಾಗ ಸುಮಾರು ಎರಡು ಸ್ಟಾಪಿನಷ್ಟು ಬೆಳಕು ಕುಗ್ಗುತ್ತದೆ, ಅಂದರೆ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ, ವ್ಯೂಫೈಂಡರ್ ಮಬ್ಬಾಗುತ್ತದೆ. ಕ್ಲೋಸ್-ಅಪ್ ಲೆನ್ಸಿನಲ್ಲಿ ಆ ನಷ್ಟ ಇಲ್ಲದಿರುವುದರಿಂದ ಸೂರ್ಯ ಆಗತಾನೇ ಮೂಡುವ ಹೊತ್ತಿನಲ್ಲಿಯೂ ಹನಿಯನ್ನು ಕಣ್ಣಿನಿಂದ ಹುಡುಕಿ ಫೋಕಸ್ ಮಾಡಲು ಸಾಧ್ಯವಾಗುತ್ತದೆ. ನಮ್ಮ ಹಿತ್ತಲಿನಲ್ಲಿ ಆ ಹೊತ್ತಿಗೆ ಎಫ್/11, ಸೆಕೆಂಡಿನ 1/200 ಭಾಗ, ಐಎಸ್‌ಒ 1600 (ಸೆನ್ಸರಿನ ಬೆಳಕಿನ ಸಂವೇದನೆ) ಎಂಬ ಹೊಂದಿಕೆ ಸಾಮಾನ್ಯವಾಗಿ ಸರಿಹೋಗುತ್ತದೆ. ಬಿಸಿಲೇರಿದಂತೆ ಗಾಳಿ ಏಳುತ್ತದೆ, ಹನಿಗಳು ಆರುತ್ತವೆ. ಕೆಲಸವೇನಿದ್ದರೂ ಸೂರ್ಯೋದಯದ ಹಿಂದುಮುಂದಿನ ಹೊತ್ತಿನಲ್ಲಿ ಮುಗಿಯಬೇಕು. ಹುಲ್ಲಿನ ಗರಿ ಅಲುಗದಂತೆ ಬಿದಿರುಕಡ್ಡಿಯೊಂದನ್ನು ಪಕ್ಕದಲ್ಲಿ ನೆಟ್ಟು ಬಟ್ಟೆ ಕ್ಲಿಪ್ಪಿನಿಂದ ಹಿಡಿಸಿದರೆ ಟ್ರೈಪಾಡಿಗಿಂತ ಹೆಚ್ಚು ಉಪಯೋಗ. ಲೆನ್ಸಿನಲ್ಲಿರುವ ಕೈನಡುಕ ತಡೆಯುವ ವ್ಯವಸ್ಥೆಯನ್ನು ಇಷ್ಟು ಹತ್ತಿರದಲ್ಲಿ ನೆಚ್ಚಲಾಗದು, ಏಕೆಂದರೆ ಇಲ್ಲಿ ಚಿತ್ರವನ್ನು ಕೆಡಿಸುವುದು ಹೆಚ್ಚಾಗಿ ಮೈ ಹಿಂದೆಮುಂದೆ ತೂಗುವ ಚಲನೆ. ಆಟೊಫೋಕಸ್ ಕೆಲಸ ಮಾಡುತ್ತದೆಯಾದರೂ ಅದನ್ನು ನಿಲ್ಲಿಸಿ, ಮೊಣಕೈಗಳನ್ನು ನೆಲಕ್ಕೂರಿ, ಕ್ಯಾಮೆರಾವನ್ನೇ ಕೂದಲೆಳೆಯಷ್ಟು ಮುಂದಕ್ಕೆ ತರುತ್ತ ಗುಂಡಿಯೊತ್ತುವುದು ಒಳ್ಳೆಯ ವಿಧಾನ.

ಈ ಲೆನ್ಸಿನ ಮಿತಿಗಳೆಲ್ಲ ಅದರ ದೂರಕ್ಕೆ ಸಂಬಂಧಿಸಿದವು. ಹನಿಯಿಂದ ಲೆನ್ಸಿನ ಮುಖಕ್ಕೆ ಸುಮಾರು 11ರಿಂದ 12 ಸೆಂ.ಮೀ. ಇರಲೇಬೇಕು, ಅದಕ್ಕಿಂತ ದೂರದಲ್ಲಿರುವುದು ಯಾವುದೂ ಫೋಕಸ್ ಆಗುವುದಿಲ್ಲ. ಜೂಮ್ ಬದಲಾಯಿಸಿದರೂ ಈ ದೂರ ಬದಲಾಗದು, ವರ್ಧನೆಯಷ್ಟೇ ಬದಲಾಗುತ್ತದೆ. ಹನಿಗೆ ಇದು ಒಳ್ಳೆಯದೇ, ಪಕ್ಕದಲ್ಲಿ ಬಿಳಿ ಕಾಗದವೊಂದನ್ನು ಹಿಡಿದು ನೆರಳಿನ ಕಡೆಗೆ ಬೆಳಕು ಹಾಯಿಸಲು ಆ ಜಾಗ ಸಾಕು. ಇಡೀ ಹೂವನ್ನು ಚಿತ್ರಿಸಲು ಮಾತ್ರ ಇದು ತಕ್ಕುದಲ್ಲ. ಜೂಮನ್ನು 55ಕ್ಕೆ ಇಳಿಸಿದರೆ ಲೆಕ್ಕದ ಪ್ರಕಾರ 50 ಮಿ.ಮೀ. ಅಗಲದ ದೃಶ್ಯ ಬರಬೇಕು. ಆದರೆ ಆ ತುದಿಯಲ್ಲಿ ಚಿತ್ರದ ಮೂಲೆಗಳು ಕಪ್ಪಾಗುತ್ತವೆ, ಏಕೆಂದರೆ ಮುಂದೆ ಕೂತ ಗಾಜು ಚಿಕ್ಕದು. ದಾಸವಾಳ, ಸೇವಂತಿಗೆಗಳ ಪೂರ್ತಿ ಚಿತ್ರ ಬೇಕಾದಾಗ ರೇನಾಕ್ಸನ್ನು ತೆಗೆದು ಜೂಮನ್ನಷ್ಟೇ ಬಳಸುವುದು ಸರಿ.

ಹನಿಗಿಂತ ಹೂವಿನ ಕಡೆಗೇ ಒಲವಿರುವವರು ಅದೇ ಕಂಪನಿಯ ಡಿಸಿಆರ್-150ನ್ನು ನೋಡಬೇಕು. ಅದರ ಶಕ್ತಿ 4.8 ಡಯಾಪ್ಟರ್, ಕೆಲಸ ಮಾಡುವ ದೂರ ಸುಮಾರು 20 ಸೆಂ.ಮೀ. ನೂರು ಎಂ.ಎಂ.ನಲ್ಲಿ ಅದು 46 ಮಿ.ಮೀ. ಅಗಲದ ದೃಶ್ಯ ಕೊಡುತ್ತದೆ, 250ರಲ್ಲಿ 1.2 ಪಟ್ಟಿಗೆ ಏರುತ್ತದೆ. ಕನಕಾಂಬರದ ಒಂದು ತೆನೆ, ನಿತ್ಯಪುಷ್ಪದ ಒಂದು ಹೂವು ಅಳತೆಗೆ ಸರಿಯಾಗಿ ಕೂರುವುದು ಅದರಲ್ಲಿಯೇ. ನನ್ನ ಅಭಿಪ್ರಾಯದಲ್ಲಿ ಮೊದಲ ಬಾರಿಗೆ ಮ್ಯಾಕ್ರೊ ಮಾಡುವವರಿಗೆ 150 ಹೆಚ್ಚು ಸಹನೆಯ ಉಪಕರಣ. ಅದರಲ್ಲಿ ಕೈ ಪಳಗಿದವರಿಗೆ, ಹನಿಯೊಳಗಿನ ಹೂವಿನ ಬೆನ್ನು ಹತ್ತಿದವರಿಗೆ 250.

ಜೋಡಣೆಯ ವಿಷಯಕ್ಕೆ ಬಂದರೆ, ಜೊತೆಗೆ ಬರುವ ಸ್ನ್ಯಾಪ್-ಆನ್ ಅಡಾಪ್ಟರ್ 52ರಿಂದ 67 ಎಂ.ಎಂ.ವರೆಗಿನ ಯಾವ ಫಿಲ್ಟರ್ ಅಳತೆಯ ಲೆನ್ಸಿಗಾದರೂ ಹೊಂದುತ್ತದೆ. ಎರಡು ಬದಿಯ ಗುಂಡಿಗಳನ್ನು ಒತ್ತಿ ಕ್ಷಣದಲ್ಲಿ ಹಾಕಬಹುದು, ತೆಗೆಯಬಹುದು. ಹನಿಯಿಂದ ಹೂವಿಗೆ, ಹೂವಿನಿಂದ ಹನಿಗೆ ಓಡಾಡುವಾಗ ಇದು ಬಹಳ ಅನುಕೂಲ. ನೆಲಮಟ್ಟದಲ್ಲಿ ಗಿಡಗಳ ನಡುವೆ ನುಸುಳಿ ಕೆಲಸ ಮಾಡುವವರು ಸ್ಕ್ರೂ ಮಾದರಿಯ ಉಂಗುರ ಬಳಸುವುದು ಭದ್ರ. ಡಿಸಿಆರ್-250ರ ಹಿಂಬದಿಯ ತಿರುಪಿನ ಅಳತೆ 43 ಎಂ.ಎಂ. ಆದ್ದರಿಂದ, 58 ಎಂ.ಎಂ. ಫಿಲ್ಟರ್ ಅಳತೆಯ ಈ ಕ್ಯಾನನ್ ಜೂಮಿಗೆ 58ರಿಂದ 43ಕ್ಕೆ ಇಳಿಸುವ ಸ್ಟೆಪ್-ಡೌನ್ ಉಂಗುರ ಬೇಕಾಗುತ್ತದೆ. ಲೋಹದ ಇಂಥ ಉಂಗುರ ದುಬಾರಿಯೇನಲ್ಲ.

ಕ್ಯಾಮೆರಾದ ಜೊತೆ ಬಂದ 18-55 ಲೆನ್ಸ್ ಬಿಟ್ಟರೆ ಬೇರೇನೂ ಇಲ್ಲದವರು ಇದನ್ನು ಕೊಳ್ಳಬೇಡಿ, ಅನಂತ ದೂರಕ್ಕೆ ಫೋಕಸ್ ಮಾಡಿಟ್ಟಾಗ 55 ಎಂ.ಎಂ.ನಲ್ಲಿ ವರ್ಧನೆ 0.44 ಪಟ್ಟಷ್ಟೇ, ಮೂಲೆಗಳೂ ಕಪ್ಪಾಗುತ್ತವೆ. ಅವರಿಗೆ ಎಕ್ಸ್‌ಟೆನ್ಷನ್ ಟ್ಯೂಬುಗಳೇ ವಾಸಿ. 55-250, 70-300ರಂಥ ಜೂಮ್ ಮನೆಯಲ್ಲಿದ್ದು ಅದರ ಫಿಲ್ಟರ್ ಅಳತೆ 67 ಎಂ.ಎಂ. ಒಳಗಿದ್ದರೆ ಹಿಂದೆಮುಂದೆ ನೋಡದೆ ಕೊಳ್ಳಬಹುದು. ಕೊಳ್ಳುವಾಗ ಆ ಅಳತೆಯನ್ನು ಲೆನ್ಸಿನ ಮುಂಭಾಗದಲ್ಲಿ ಅಥವಾ ಮುಚ್ಚಳದ ಒಳಬದಿಯಲ್ಲಿ ಬರೆದಿರುವ ಸಂಖ್ಯೆಯಿಂದ ಖಚಿತಪಡಿಸಿಕೊಳ್ಳಿ. ಆದರೆ ನಾಭಿದೂರದ ಎಂ.ಎಂ. ಮತ್ತು ಫಿಲ್ಟರಿನ ಎಂ.ಎಂ. ಎರಡನ್ನೂ ಅಲ್ಲಿ ಒಟ್ಟಿಗೆ ಬರೆದಿರುವುದುಂಟು. ವ್ಯಾಸದ ಚಿಹ್ನೆಯ (Ø) ಪಕ್ಕದಲ್ಲಿರುವ ಸಂಖ್ಯೆಯೇ ಬೇಕಾದದ್ದು.