ಡಾಟ್ ಪಕ್ಕದ ಸ್ಪೇಸ್: ಸ್ವಂತ ಭಾಷೆ ಕಟ್ಟುವವರು ದಯವಿಟ್ಟು ಓದಿ

ಸಣ್ಣದಾದರೂ ಸರಿ, ಸ್ವಂತ ಫಂಕ್ಷನಲ್ ಪ್ರೋಗ್ರಾಮಿಂಗ್ ಭಾಷೆ (ಫಂಕ್ಷನ್ ಜೋಡಿಸಿ ಜೋಡಿಸಿ ಪ್ರೋಗ್ರಾಂ ಬರೆಯುವಂಥದ್ದು) ಕಟ್ಟುತ್ತಿದ್ದೀರಾ? ರೆಕಾರ್ಡ್‌ನ ಫೀಲ್ಡ್ (ಬಿಲ್ಲಿನೊಳಗಿನ ಮೊತ್ತದಂಥ ಒಂದು ಮಾಹಿತಿ) ಓದುವುದಕ್ಕೂ ಫಂಕ್ಷನ್ ಜೋಡಿಸುವುದಕ್ಕೂ (ಒಂದರ ಉತ್ತರವನ್ನು ಇನ್ನೊಂದಕ್ಕೆ ಕೊಡುವ ಹೊಸ ಫಂಕ್ಷನ್ ಮಾಡುವುದಕ್ಕೂ) ಒಂದೇ ಡಾಟ್ ಇಡಬೇಡಿ. ನಾನು ಇಟ್ಟೆ. ಮೂರು ದಿನ ಬೇರೆಯವರ ದುಡ್ಡು ಸೋರಿಹೋಯಿತು.

ಆಗ ಕೆಲಸ ಮಾಡುತ್ತಿದ್ದ ಕಡೆ ರಿಯಾಯಿತಿ ನಿಯಮ ಬರೆಯಲು ಒಂದು ಪುಟ್ಟ ಭಾಷೆ ಬೇಕಿತ್ತು. ನನಗೆ ಹ್ಯಾಸ್ಕೆಲ್ ಅನ್ನೋ ಫಂಕ್ಷನಲ್ ಭಾಷೆ ಅಂದ್ರೆ ಪ್ರಾಣ. ಅಲ್ಲಿ ಡಾಟ್ ಮೊದಲಿನಿಂದಲೂ ಫಂಕ್ಷನ್ ಜೋಡಿಸುವ ಚಿಹ್ನೆ. ಫೀಲ್ಡ್ ಹೆಸರೇ ಒಂದು ಫಂಕ್ಷನ್, ‘ಮೊತ್ತ ಬಿಲ್’ ಅಂತ ಬರೆಯಬೇಕು. ಹ್ಯಾಸ್ಕೆಲ್‌ನ ಕಂಪೈಲರ್ ಆದ ಜಿಎಚ್‌ಸಿಯ 2021ರ 9.2 ಆವೃತ್ತಿಯಲ್ಲಿ ‘ಬಿಲ್.ಮೊತ್ತ’ ಅಂತ ಬರೆಯುವ ಸೌಲಭ್ಯವೂ ಬಂತು. ಅದನ್ನು ಆನ್ ಮಾಡಿದರೆ ಸ್ಪೇಸ್ ಇಲ್ಲದ ಡಾಟ್ ಫೀಲ್ಡ್, ಎರಡೂ ಕಡೆ ಸ್ಪೇಸ್ ಇದ್ದರೆ ಜೋಡಣೆ. ನಾನು ಅದನ್ನೇ ಎತ್ತಿಕೊಂಡೆ. ಆದರೆ ಹ್ಯಾಸ್ಕೆಲ್‌ಗೆ ಬೆನ್ನಿಗೆ ಟೈಪ್ ಚೆಕರ್ ಇದೆ, ಸಂಖ್ಯೆ ಇರಬೇಕಾದ ಕಡೆ ಫಂಕ್ಷನ್ ಬಂದರೆ ಓಡಿಸುವ ಮೊದಲೇ ಹಿಡಿಯುತ್ತದೆ. ನನ್ನ ಭಾಷೆಗೆ ಇರಲಿಲ್ಲ.

ನಿಯಮ ಹೀಗಿತ್ತು:

ಬಿಲ್.ಮೊತ್ತ > 5000

ಲೆಕ್ಕದ ವಿಭಾಗದವರೊಬ್ಬರು, ಓದೋಕೆ ಚೆನ್ನಾಗಿರಲಿ ಅಂತ ಹೀಗೆ ಮಾಡಿದರು:

ಬಿಲ್ . ಮೊತ್ತ > 5000

ಅವರದೇನೂ ತಪ್ಪಿಲ್ಲ. ಕೂಡಿಸುವ ಚಿಹ್ನೆಗೆ ಹಾಗೇ ಸ್ಪೇಸ್ ಬಿಡ್ತೀವಿ ಅಲ್ವಾ? ನನ್ನ ಇಂಟರ್‌ಪ್ರಿಟರ್ (ನಿಯಮ ಓದಿ ಓಡಿಸುವ ಪ್ರೋಗ್ರಾಂ) ಮಾತ್ರ ಬಿಲ್ಲನ್ನೂ ಫಂಕ್ಷನ್ ಅಂತ ನಂಬಿತು. ಎರಡನ್ನೂ ಜೋಡಿಸಿ ಹೊಸ ಫಂಕ್ಷನ್ ಮಾಡಿಟ್ಟಿತು. ಆ ಇಂಟರ್‌ಪ್ರಿಟರ್ ಬರೆದದ್ದು ಎರ್ಲಾಂಗ್ ಅನ್ನೋ ಇನ್ನೊಂದು ಭಾಷೆಯಲ್ಲಿ. ಎರ್ಲಾಂಗ್‌ನಲ್ಲಿ ಯಾವುದನ್ನು ಯಾವುದರ ಜೊತೆ ಬೇಕಾದರೂ ಹೋಲಿಸಬಹುದು, ಮತ್ತು ಯಾವ ಫಂಕ್ಷನ್ ಆದರೂ ಯಾವ ಸಂಖ್ಯೆಗಿಂತಲೂ ದೊಡ್ಡದು. ಹಾಗಾಗಿ ಷರತ್ತು ಯಾವಾಗಲೂ ನಿಜ. 80 ರೂಪಾಯಿ ಬಿಲ್ಲಿಗೂ ರಿಯಾಯಿತಿ! ಎರರ್ ಇಲ್ಲ, ಲಾಗ್‌ನಲ್ಲಿ ಒಂದು ಸಾಲೂ ಇಲ್ಲ. ಹಳೆಯ ಸಾಲು, ಹೊಸ ಸಾಲು ಎರಡನ್ನೂ ಮುಂದಿಟ್ಟುಕೊಂಡು ಕೂತಾಗಲೂ ನನ್ನ ಕಣ್ಣಿಗೆ ತುಂಬಾ ಹೊತ್ತು ಏನೂ ಬೀಳಲಿಲ್ಲ.

ಎಲ್ಮ್ ಮತ್ತು ಪ್ಯೂರ್‌ಸ್ಕ್ರಿಪ್ಟ್ ಭಾಷೆಗಳನ್ನು ನೋಡಿ. ಎರಡೂ ಹ್ಯಾಸ್ಕೆಲ್ ದಾರಿಯಲ್ಲೇ ಬಂದವು. ಆದರೆ ಜೋಡಣೆಗೆ ಎಲ್ಮ್ << ಇಟ್ಟಿತು, ಪ್ಯೂರ್‌ಸ್ಕ್ರಿಪ್ಟ್ <<< ಇಟ್ಟಿತು. ಡಾಟ್ ಫೀಲ್ಡ್‌ಗೆ ಉಳಿಯಿತು. ಎಲ್ಮ್‌ನಲ್ಲಂತೂ ಸುಮ್ನೆ ‘.ಮೊತ್ತ’ ಅಂತ ಬರೆದರೆ ಅದೇ ಒಂದು ಫಂಕ್ಷನ್, ಲಿಸ್ಟ್ ಮೇಲೆ ಹಾಗೇ ಓಡಿಸಬಹುದು. ನನಗೆ ಬೇಕಿದ್ದದ್ದು ಇಷ್ಟೇ.

ಈಗ ಜೋಡಣೆಗೆ >> ಇಟ್ಟಿದ್ದೇನೆ. ಸ್ಪೇಸ್ ಇರಲಿ, ಬಿಡಲಿ, ಡಾಟ್ ಅಂದ್ರೆ ಫೀಲ್ಡ್. ಫಂಕ್ಷನ್ನನ್ನು ಸಂಖ್ಯೆ ಜೊತೆ ಹೋಲಿಸಿದರೆ ಅಲ್ಲೇ ಎರರ್. ಹಳೆಯ ನಿಯಮಗಳನ್ನು ತಿದ್ದುವುದೇ ಜಾಸ್ತಿ ಕಷ್ಟವಾಯಿತು. ಯಾವ ಸ್ಪೇಸ್ ಬೇಕೆಂದೇ ಇಟ್ಟದ್ದು, ಯಾವುದು ಕೈತಪ್ಪಿ ಬಿದ್ದದ್ದು ಅಂತ ಬರೆದವರನ್ನೇ ಒಬ್ಬೊಬ್ಬರಾಗಿ ಕೇಳಬೇಕಾಯಿತು. ಕೆಲವರಿಗೆ ನೆನಪೇ ಇರಲಿಲ್ಲ.