ಒಂದು ಲೋಟ ನೀರು, ಮೂರು ಶಾಲೆಗಳು

ನನ್ನ ಮಗನಿಗೆ ಬಾಯಾರಿಕೆಯಾದರೆ "ನೀರು ಬೇಕಾ?" ಎನ್ನುತ್ತಾನೆ. ಅವನು ಯಾರನ್ನೂ ವಿಚಾರಿಸುತ್ತಿರುವುದಿಲ್ಲ. ನಾವು ಅವನನ್ನು ಕೇಳುವ ಮಾತನ್ನೇ, ನಮ್ಮದೇ ರಾಗದಲ್ಲಿ, ತನ್ನ ಬೇಡಿಕೆಯನ್ನಾಗಿ ಮಾಡಿಕೊಂಡಿದ್ದಾನೆ. ಎಕೋಲಾಲಿಯಾ ಎಂದು ವಾಕ್ ತಜ್ಞರು ಕರೆಯುವ ಈ ಪ್ರತಿಧ್ವನಿ ಮಾತು ಆಟಿಸಂ ಇರುವ ಅನೇಕ ಮಕ್ಕಳಲ್ಲಿ ಕಾಣುತ್ತದೆ. ಅವನಿಗೆ ನಾಲ್ಕೂವರೆ ವರ್ಷವಾದಾಗಿನಿಂದ ಎರಡು ವರ್ಷಗಳಲ್ಲಿ ಮೈಸೂರಿನ ಮೂರು ಬಗೆಯ ಶಾಲೆಗಳನ್ನು ನೋಡಿದ್ದೇವೆ. ಮೊದಮೊದಲು ಶುಲ್ಕ, ದೂರ, ಕಟ್ಟಡ ಎಲ್ಲವನ್ನೂ ತೂಗಿ ನೋಡುತ್ತಿದ್ದ ನಾನು, ಕೊನೆಗೆ ತರಗತಿಯಲ್ಲಿ ಒಂದು ಗಂಟೆ ಸುಮ್ಮನೆ ಕುಳಿತು, ಈ ಹುಡುಗನಿಗೆ ಒಂದು ಲೋಟ ನೀರು ಹೇಗೆ ಸಿಗುತ್ತದೆ ಎಂಬುದನ್ನಷ್ಟೇ ಗಮನಿಸತೊಡಗಿದೆ.

ಮೊದಲನೆಯದು ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆ. ಮೂವತ್ತಕ್ಕೂ ಹೆಚ್ಚು ಮಕ್ಕಳಿದ್ದ ಎಲ್‌ಕೆಜಿಗೆ ಅವನನ್ನು ಸೇರಿಸಿಕೊಳ್ಳಲು, ನಮ್ಮ ಖರ್ಚಿನಲ್ಲೇ ಒಬ್ಬ ಶ್ಯಾಡೋ ಟೀಚರ್, ಅಂದರೆ ತರಗತಿಯಲ್ಲಿ ಅವನ ಪಕ್ಕದಲ್ಲೇ ಇದ್ದು ನೆರವಾಗುವವರು, ಇರಬೇಕೆಂದು ಷರತ್ತು ಹಾಕಿದರು. ಅವರ ಸಂಬಳ ಶಾಲೆಯ ಶುಲ್ಕಕ್ಕಿಂತ ಹೆಚ್ಚಾಯಿತು. ಆಕೆ ಒಳ್ಳೆಯವರೇ, ಆದರೆ ಮಗು ಗಲಾಟೆ ಮಾಡದಂತೆ ನೋಡಿಕೊಳ್ಳುವುದೇ ತಮ್ಮ ಕೆಲಸವೆಂದು ಭಾವಿಸಿದ್ದರಿಂದ, ಅವನು ಕೇಳುವ ಮೊದಲೇ ಬಾಟಲಿಯ ಮುಚ್ಚಳ ತೆಗೆದು ಕೊಡುತ್ತಿದ್ದರು. ಬೇಕಾದದ್ದನ್ನು ತೋರಿಸಿ ಕೇಳಲೆಂದು ಅವನಿಗೆ ಕೊಟ್ಟಿದ್ದ ಚಿತ್ರದ ಕಾರ್ಡುಗಳ ಪುಸ್ತಕ, ಉಳಿದ ಮಕ್ಕಳ ಗಮನ ಕೆಡುತ್ತದೆ ಎಂಬ ಕಾರಣಕ್ಕೆ, ಚೀಲದಿಂದ ಹೊರಗೆ ಬರಲೇ ಇಲ್ಲ. "ಮೇ ಐ ಡ್ರಿಂಕ್ ವಾಟರ್, ಮಿಸ್" ಎಂಬ ಪೂರ್ತಿ ವಾಕ್ಯವನ್ನು ಅವನಿಗೆ ಬಾಯಿಪಾಠ ಮಾಡಿಸಿದರು. ಅವನು ಅದನ್ನು ಸ್ಪಷ್ಟವಾಗಿ ಕಲಿತು, ಮೂತ್ರಕ್ಕೆ ಹೋಗಬೇಕಾದಾಗಲೂ ಅದನ್ನೇ ಹೇಳಿದ, ಮನೆಗೆ ಹೋಗಬೇಕೆನಿಸಿದಾಗಲೂ ಅದನ್ನೇ ಹೇಳಿದ. ಮನೆಯಲ್ಲಿ ಕನ್ನಡ ನಿಲ್ಲಿಸಿ ಎಂಬ ಸಲಹೆಯೂ ಬಂತು. ಎರಡು ಭಾಷೆ ಕಿವಿಗೆ ಬೀಳುವುದರಿಂದ ಆಟಿಸಂ ಇರುವ ಮಗುವಿನ ಮಾತು ಹಿಂದೆ ಬೀಳುವುದಿಲ್ಲ, ಮನೆಮಾತು ನಿಲ್ಲಿಸಿದರೆ ಅಜ್ಜಿಯೊಡನೆ ಇರುವ ಒಡನಾಟವೇ ಕಡಿದುಹೋಗುತ್ತದೆ ಎಂದು ವಾಕ್ ಚಿಕಿತ್ಸಕಿ ತಿಳಿಸಿ ಹೇಳಿದ ಮೇಲೆ ಆ ಸಲಹೆಯನ್ನು ಬಿಟ್ಟೆವು. ಕೆಲವೇ ತಿಂಗಳಲ್ಲಿ ಶಾಲೆಯನ್ನೂ ಬಿಟ್ಟೆವು.

ಎರಡನೆಯದಾದ ವಿಶೇಷ ಶಾಲೆಯಲ್ಲಿ ಆರು ಮಕ್ಕಳಿಗೆ ಒಬ್ಬ ಶಿಕ್ಷಕಿ, ಅದೂ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿಯಾದವರು. ನಂತರ ಏನು, ಅದರ ನಂತರ ಏನು ಎಂಬುದನ್ನು ಗೋಡೆಯ ಮೇಲೆ ಚಿತ್ರಗಳಲ್ಲಿ ಅಂಟಿಸಿರುತ್ತಿದ್ದರು. ಒಂದು ಕೆಲಸ ಮುಗಿದೊಡನೆ ಅದರ ಚಿತ್ರವನ್ನು ಮಗುವೇ ಕಿತ್ತು ಡಬ್ಬಿಗೆ ಹಾಕಬೇಕು. ನೀರಿನ ಬಾಟಲಿ ಕಣ್ಣಿಗೆ ಕಾಣುವಂತೆ, ಆದರೆ ಕೈಗೆ ಎಟುಕದಂತೆ ಇರುತ್ತಿತ್ತು. ಅವನು "ನೀರು ಬೇಕಾ?" ಎಂದಾಗ ಶಿಕ್ಷಕಿ ತಿದ್ದದೆ, ಗದರದೆ, ಅವನ ಪರವಾಗಿ ತಾವೇ "ನೀರು ಬೇಕು" ಎಂದು ನಿಧಾನವಾಗಿ ನುಡಿದು ಬಾಟಲಿ ಕೊಡುತ್ತಿದ್ದರು. ಎರಡು ತಿಂಗಳ ನಂತರ ಒಂದು ದಿನ "ಬೇಕು" ಎಂಬ ಮಾತು ಅವನ ಬಾಯಿಂದ ಬಂತು. ಕಾಯುವುದು ಒಂದು ಕಸುಬು ಎಂದು ನನಗೆ ಗೊತ್ತಾದದ್ದು ಅಲ್ಲಿ. ಆದರೂ ಅಲ್ಲಿ ಅವನ ಜೊತೆಗಿದ್ದ ಮಕ್ಕಳಿಗೂ ಮಾತು ಕಷ್ಟವಾದ್ದರಿಂದ, ಅವನು ಮಾತನಾಡುತ್ತಿದ್ದುದೆಲ್ಲ ದೊಡ್ಡವರೊಡನೆಯೇ. ಸಯ್ಯಾಜಿರಾವ್ ರಸ್ತೆಯ ಅಂಗಡಿಗಳ ಹಲಗೆಗಳನ್ನು ಓದುವ ಹುಡುಗನನ್ನು ಮಣಿ ಪೋಣಿಸುತ್ತಾ ಕೂರಿಸಿದ್ದು ನನಗೆ ಹಿಡಿಸಲಿಲ್ಲ.

ಮೂರನೆಯದು ಮನೆಯ ಹತ್ತಿರದ ಸರ್ಕಾರಿ ಪ್ರಾಥಮಿಕ ಶಾಲೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ 31ನೇ ಸೆಕ್ಷನ್ ಪ್ರಕಾರ, ಶೇ. 40ಕ್ಕೆ ಕಡಿಮೆಯಿಲ್ಲದ ವೈಕಲ್ಯವೆಂದು ಪ್ರಮಾಣಪತ್ರ ಪಡೆದ 6ರಿಂದ 18 ವರ್ಷದ ಮಗು ನೆರೆಹೊರೆಯ ಶಾಲೆಯಲ್ಲಾಗಲಿ, ತಾನು ಬಯಸಿದ ವಿಶೇಷ ಶಾಲೆಯಲ್ಲಾಗಲಿ ಉಚಿತವಾಗಿ ಕಲಿಯಬಹುದು. "ನಮ್ಮಲ್ಲಿ ಇದಕ್ಕೆ ತರಬೇತಿ ಆದವರಿಲ್ಲವಲ್ಲಮ್ಮ" ಎಂದು ಮುಖ್ಯ ಶಿಕ್ಷಕಿ ಹಿಂಜರಿದರೂ ಸೇರಿಸಿಕೊಂಡರು. ಅಲ್ಲಿ ಅನುಕೂಲಕ್ಕೆ ಬಂದದ್ದು ನಾನು ಎಣಿಸಿರದ ಸಂಗತಿ: 1995ರಲ್ಲಿ ಇದೇ ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ಎಂಬ ಕಲಿಕಾ ಪದ್ಧತಿ. ಚಿಕ್ಕ ತರಗತಿಗಳ ಮಕ್ಕಳು ಒಟ್ಟಿಗೆ ಕುಳಿತು, ಚಿತ್ರಗಳಿರುವ ಕಲಿಕಾ ಏಣಿಯಲ್ಲಿ ತಮ್ಮ ತಮ್ಮ ವೇಗದಲ್ಲಿ ಮೆಟ್ಟಿಲು ಹತ್ತುತ್ತಾರೆ, ಮುಂದಿನ ಕಾರ್ಡನ್ನು ತಾವೇ ಹುಡುಕಿ ತರುತ್ತಾರೆ. ಆಟಿಸಂಗೆಂದು ರೂಪಿಸಿದ್ದಲ್ಲವಾದರೂ, ಕ್ರಮವನ್ನು ಕಣ್ಣಿನಿಂದ ಗ್ರಹಿಸುವ ನನ್ನ ಮಗನಿಗೆ ಅದು ಅಳತೆ ಕೊಟ್ಟು ಹೊಲಿಸಿದ ಅಂಗಿಯಂತೆ ಒಪ್ಪಿತು. ನೀರಿನ ಡ್ರಮ್ಮಿನ ಬಳಿ ಮೂರನೇ ತರಗತಿಯ ಹುಡುಗಿಯೊಬ್ಬಳು ಲೋಟ ಹಿಡಿದು, "ಸರಿಯಾಗಿ ಹೇಳೋ, ಕೊಡ್ತೀನಿ" ಎಂದು ನಿಲ್ಲುತ್ತಾಳೆ. ಅವಳಿಗೆ ಅವನು ಹೇಳುತ್ತಾನೆ.

ಕೊರತೆಗಳು ಚಿಕ್ಕವಲ್ಲ. ಮೂರು ತರಗತಿಗೆ ಒಬ್ಬರೇ ಶಿಕ್ಷಕಿ. ವಿಶೇಷ ಅಗತ್ಯದ ಮಕ್ಕಳಿಗೆ ನೆರವಾಗುವ, ಬಿಐಇಆರ್‌ಟಿ ಎಂದು ಕರೆಯುವ ಸಂಪನ್ಮೂಲ ಶಿಕ್ಷಕರು ಹಲವಾರು ಶಾಲೆಗಳನ್ನು ನೋಡಿಕೊಳ್ಳಬೇಕಾದ್ದರಿಂದ ನಮ್ಮಲ್ಲಿಗೆ ಬರುವುದು ಅಪರೂಪ. ಬಿಸಿಯೂಟದ ಹೊತ್ತಿನ ಸ್ಟೀಲ್ ತಟ್ಟೆಗಳ ಸದ್ದಿಗೆ ಅವನು ಕಿವಿ ಮುಚ್ಚಿಕೊಂಡು ಮೂಲೆ ಸೇರುತ್ತಾನೆ.

ಹಾಗಾಗಿ ಈಗ ಬೆಳಿಗ್ಗೆಯಿಂದ ಊಟದ ಗಂಟೆಯವರೆಗೆ ಸರ್ಕಾರಿ ಶಾಲೆ, ವಾರಕ್ಕೆ ಮೂರು ಮಧ್ಯಾಹ್ನ ವಿಶೇಷ ಶಾಲೆ ಎಂಬ ವ್ಯವಸ್ಥೆ ಮಾಡಿಕೊಂಡಿದ್ದೇವೆ. ವಿಶೇಷ ಶಾಲೆಯ ಚಿತ್ರಗಳನ್ನೇ ಜೆರಾಕ್ಸ್ ಮಾಡಿಸಿ ಸರ್ಕಾರಿ ಶಾಲೆಯ ಗೋಡೆಗೂ ಅಂಟಿಸಿದ್ದೇನೆ. ಎರಡೂ ಕಡೆ ಒಂದೇ ಚಿತ್ರಕ್ಕೆ ಒಂದೇ ಅರ್ಥ ಎಂಬುದನ್ನು ಇಬ್ಬರು ಶಿಕ್ಷಕಿಯರೂ ಒಪ್ಪಿದ್ದಾರೆ. ನಾಲ್ಕನೇ ತರಗತಿಗೆ ನಲಿ-ಕಲಿಯ ಏಣಿ ಮುಗಿದು ಬರೀ ಪಠ್ಯಪುಸ್ತಕ ಬರುತ್ತದೆ. ಅಷ್ಟು ಹೊತ್ತಿಗೆ ಲೋಟ ಹಿಡಿದು ನಿಲ್ಲುವ ಆ ಹುಡುಗಿಯೂ ಮುಂದಿನ ಶಾಲೆಗೆ ಹೋಗಿರುತ್ತಾಳೆ. ಆಗ ನಾನು ಮತ್ತೆ ತರಗತಿಯ ಹಿಂದಿನ ಸಾಲಿನಲ್ಲಿ ಒಂದು ಗಂಟೆ ಕುಳಿತು ನೋಡಬೇಕಾಗುತ್ತದೆ.